ಓದುಗರ ಪ್ರಶ್ನೆ: ಇಂಟರ್‌ಪೋಲ್‌ನ ಮೊದಲ ಆಲ್ಬಮ್ ಜಾಯ್ ಡಿವಿಷನ್‌ನ ನಕಲು ಅಲ್ವಾ?

ಪ್ರಶ್ನೆ: ಎಲ್ಲರೂ ಹೊಗಳುತ್ತಾರೆ ಅಂತ ನ್ಯೂಯಾರ್ಕ್‌ನ ರಾಕ್ ಬ್ಯಾಂಡ್ ಇಂಟರ್‌ಪೋಲ್‌ನ ‘ಟರ್ನ್ ಆನ್ ದ ಬ್ರೈಟ್ ಲೈಟ್ಸ್’ ಕೇಳಿದೆ. ನನಗೆ ಇಂಗ್ಲೆಂಡ್‌ನ ಮ್ಯಾಂಚೆಸ್ಟರ್‌ನ ಹಳೆಯ ಬ್ಯಾಂಡ್ ಜಾಯ್ ಡಿವಿಷನ್ ಕೇಳಿದ ಹಾಗೇ ಇತ್ತು. ಇದರಲ್ಲಿ ಹೊಸದೇನಿದೆ?

ಉತ್ತರ: 2002ರ ಆಗಸ್ಟ್‌ನಲ್ಲಿ ಈ ಆಲ್ಬಮ್ ಹೊರಬಂದಾಗಿನಿಂದ ಜನ ಇದನ್ನೇ ಕೇಳುತ್ತಿದ್ದಾರೆ. ಹೋಲಿಕೆ ಇದೆ, ಇಲ್ಲ ಅನ್ನೋದಿಲ್ಲ. ಆದರೆ ಆ ಹೋಲಿಕೆ ಹೆಚ್ಚಾಗಿ ದನಿಯಲ್ಲಿದೆ. ಹಾಡು ಕಟ್ಟಿದ ರೀತಿ ಬೇರೆ.

ಇಂಟರ್‌ಪೋಲ್‌ನ ಗಾಯಕ ಪಾಲ್ ಬ್ಯಾಂಕ್ಸ್‌ನದು ತಗ್ಗಿದ, ಏರಿಳಿತ ಕಡಿಮೆ ಇರುವ ದನಿ. ಕೇಳಿದ ತಕ್ಷಣ ಜಾಯ್ ಡಿವಿಷನ್‌ನ ಗಾಯಕ ಇಯಾನ್ ಕರ್ಟಿಸ್ ನೆನಪಾಗುತ್ತಾನೆ. ಫೋನಿನಲ್ಲಿ ಮಗ ‘ಹಲೋ’ ಅಂದರೆ ಅಪ್ಪನೇ ಅಂದುಕೊಂಡು ಮಾತು ಶುರು ಮಾಡಿಬಿಡುತ್ತೇವಲ್ಲ, ಹಾಗೆ. ಎರಡು ನಿಮಿಷ ಮಾತಾಡಿದರೆ ಬೇರೆ ಮನುಷ್ಯ ಅಂತ ಗೊತ್ತಾಗುತ್ತದೆ. ಆ ಎರಡು ನಿಮಿಷವನ್ನು ಈ ಆಲ್ಬಮ್‌ಗೂ ಕೊಡಬೇಕು.

ಮೊದಲು ಹಿನ್ನೆಲೆ, ಚುಟುಕಾಗಿ. ಎಪ್ಪತ್ತರ ದಶಕದ ಕೊನೆಗೆ ಇಂಗ್ಲೆಂಡ್‌ನಲ್ಲಿ ಪಂಕ್ ಅನ್ನೋ ಸಿಟ್ಟಿನ, ಗದ್ದಲದ ರಾಕ್‌ನ ಅಬ್ಬರ ಇಳಿದ ಮೇಲೆ ಕೆಲವು ಬ್ಯಾಂಡ್‌ಗಳು ಅದರ ಸಿಟ್ಟನ್ನು ಇಟ್ಟುಕೊಂಡು ಗದ್ದಲ ಬಿಟ್ಟವು. ತಗ್ಗಿನ ಸ್ವರದ ಬೇಸ್ ಗಿಟಾರ್ ಮುಂದೆ ಬಂತು, ಹಾಡಿನೊಳಗೆ ಖಾಲಿ ಜಾಗ ಬಂತು. ಅದೇ ಪೋಸ್ಟ್-ಪಂಕ್. ಸುಮಾರು ಇಪ್ಪತ್ತು ವರ್ಷದ ನಂತರ ನ್ಯೂಯಾರ್ಕ್, ಲಂಡನ್, ಗ್ಲಾಸ್ಗೋ ಹುಡುಗರು ಅದನ್ನು ಮತ್ತೆ ಕೈಗೆತ್ತಿಕೊಂಡರು. ಇಂಟರ್‌ಪೋಲ್ ಹುಟ್ಟಿದ್ದು 1997ರಲ್ಲಿ, ನ್ಯೂಯಾರ್ಕ್ ವಿಶ್ವವಿದ್ಯಾಲಯದ ಪರಿಚಯಗಳಿಂದ.

ಈಗ ಗಿಟಾರ್‌ಗೆ ಬರೋಣ. ನನ್ನ ಮಟ್ಟಿಗೆ ಉತ್ತರ ಇರುವುದು ಅಲ್ಲೇ. ಜಾಯ್ ಡಿವಿಷನ್‌ನಲ್ಲಿ ಮುಖ್ಯವಾಗಿ ಒಂದೇ ಗಿಟಾರ್, ಬರ್ನಾರ್ಡ್ ಸಮ್ನರ್‌ದು. ರಾಗವನ್ನು ಹೊತ್ತುಕೊಂಡು ಹೋಗುತ್ತಿದ್ದದ್ದು ಪೀಟರ್ ಹುಕ್‌ನ ಬೇಸ್. ಗಿಟಾರ್ ಜೋರಿನಲ್ಲಿ ತನ್ನದು ತನಗೇ ಕೇಳಿಸದೆ ಅವನು ಮೇಲಿನ ಸ್ವರಗಳಿಗೆ ಹೋದ. ಅದೇ ಅವರ ಗುರುತಾಯಿತು. ಇಂಟರ್‌ಪೋಲ್‌ನಲ್ಲಿ ಇರುವುದು ಎರಡು ಗಿಟಾರ್. ಡೇನಿಯಲ್ ಕೆಸ್ಲರ್‌ದು ಒಂದು, ಬ್ಯಾಂಕ್ಸ್‌ನದು ಇನ್ನೊಂದು. ಇಯರ್‌ಫೋನ್ ಹಾಕಿಕೊಂಡು ‘ಅಬ್‌ಸ್ಟಕಲ್ 1’ ಕೇಳಿ. ಒಬ್ಬ ಬಿಟ್ಟ ಜಾಗದಲ್ಲಿ ಇನ್ನೊಬ್ಬ ಕಾಲಿಡುತ್ತಾನೆ. ಜುಗಲ್‌ಬಂದಿಯ ಹಾಗೆ ಒಬ್ಬರನ್ನೊಬ್ಬರು ಕೆಣಕುವುದಿಲ್ಲ, ಮೆರೆಯುವ ಸೋಲೋ ಇಲ್ಲ. ಬುಟ್ಟಿ ಹೆಣೆಯುವಾಗ ಬಿದಿರಿನ ಸೀಳು ಒಂದರ ಮೇಲೆ ಹೋಗಿ ಇನ್ನೊಂದರ ಕೆಳಗೆ ಬರುತ್ತದಲ್ಲ, ಅಂಥ ಹೆಣಿಗೆ. ಕೆಳಗಡೆ ಕಾರ್ಲೋಸ್ ಡೆಂಗ್ಲರ್‌ನ ಬೇಸ್ ತನ್ನದೇ ದಾರಿ ಹಿಡಿದು ಓಡುತ್ತದೆ, ಸ್ಯಾಮ್ ಫೋಗರಿನೋನ ಡ್ರಮ್ಸ್ ಅದನ್ನು ಬಿಡದೆ ಹಿಡಿದಿರುತ್ತದೆ.

‘ಪಿಡಿಎ’ ಅನ್ನೋ ಹಾಡಿನ ಕೊನೆ ಭಾಗ ನನಗೆ ತುಂಬಾ ಇಷ್ಟ. ಡ್ರಮ್ಸ್‌ನಿಂದ ದಡದಡ ಶುರುವಾದ ಹಾಡು ಇನ್ನೇನು ಮುಗಿಯಿತು ಅನ್ನುವಾಗ ಎಲ್ಲ ಸರಿದು ಗಿಟಾರ್ ಉಳಿಯುತ್ತದೆ. ಆಮೇಲೆ ಒಂದೊಂದೇ ಪದರ ಬಂದು ಕೂಡುತ್ತದೆ, ಹಿಂದಿನಿಂದ ದನಿಗಳು ಸೇರುತ್ತವೆ. ಕತ್ತಲೆ ಬ್ಯಾಂಡ್ ಅಂತ ಹೆಸರಾದವರು ಇಲ್ಲಿ ಹೆಚ್ಚುಕಡಿಮೆ ಸಂತೋಷವಾಗಿದ್ದಾರೆ! ಜಾಯ್ ಡಿವಿಷನ್‌ನಲ್ಲಿ ಇಂಥ ಬಿಡುಗಡೆ ಸಿಗುವುದು ಅಪರೂಪ.

ಸ್ಟುಡಿಯೋದ ವ್ಯತ್ಯಾಸವೂ ಇದೆ. 1979ರ ‘ಅನ್‌ನೋನ್ ಪ್ಲೆಷರ್ಸ್’ ಆಲ್ಬಮ್‌ನಲ್ಲಿ ನಿರ್ಮಾಪಕ ಮಾರ್ಟಿನ್ ಹ್ಯಾನೆಟ್ ಡ್ರಮ್ಸ್‌ನ ಒಂದೊಂದು ಪೆಟ್ಟನ್ನೂ ಬೇರೆ ಬೇರೆ ಮಾಡಿ, ಖಾಲಿ ಗೋದಾಮಿನಲ್ಲಿ ಬಾರಿಸಿದಂತೆ ಕೇಳಿಸಿದ. ಅದು ತಣ್ಣಗಿದೆ. ಇಂಟರ್‌ಪೋಲ್ ರೆಕಾರ್ಡ್ ಮಾಡಿದ್ದು 2001ರ ನವೆಂಬರ್‌ನಲ್ಲಿ, ಕನೆಕ್ಟಿಕಟ್‌ನ ಬ್ರಿಜ್‌ಪೋರ್ಟ್‌ನಲ್ಲಿರುವ ಟಾರ್ಕ್ವಿನ್ ಸ್ಟುಡಿಯೋದಲ್ಲಿ, ನಿರ್ಮಾಪಕರಾದ ಪೀಟರ್ ಕೇಟಿಸ್ ಮತ್ತು ಗ್ಯಾರೆತ್ ಜೋನ್ಸ್ ಜೊತೆ. ಇಲ್ಲಿ ವಾದ್ಯಗಳು ಒಂದಕ್ಕೊಂದು ಒರಗಿಕೊಂಡಿವೆ, ಬೆಚ್ಚಗಿವೆ. ಮೊದಲ ಹಾಡಿನ ಆರಂಭದಲ್ಲೇ ಇದು ಗೊತ್ತಾಗುತ್ತದೆ. ಪ್ರತಿಧ್ವನಿಸುವ ಗಿಟಾರ್ ಒಂದೇ ಬರುತ್ತದೆ, ಆಮೇಲೆ ಉಳಿದವರು ಮೆಲ್ಲಗೆ ಒಳಗೆ ಬರುತ್ತಾರೆ.

ನವೆಂಬರ್ 2001 ಅಂದ ಕೂಡಲೇ ಅದೇ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಉರುಳಿದ ಅವಳಿ ಗೋಪುರಗಳ ನೆನಪು ಬರುತ್ತದೆ. ಹಾಗಾಗಿ ಇಡೀ ಆಲ್ಬಮ್ ಆ ದುರಂತದ ಬಗ್ಗೆಯೇ ಅಂತ ಕೆಲವರು ಹೇಳುತ್ತಾರೆ. ನಾನು ಒಪ್ಪೋದಿಲ್ಲ. ‘ಪಿಡಿಎ’ ಮತ್ತು ‘ರೋಲಂಡ್’ 2000ರಲ್ಲೇ ಅವರ ಇಪಿಯಲ್ಲಿ, ಅಂದರೆ ಕೆಲವೇ ಹಾಡಿನ ಚಿಕ್ಕ ರೆಕಾರ್ಡ್‌ನಲ್ಲಿ, ಬಂದಿದ್ದವು. ಆದರೆ ಆಲ್ಬಮ್‌ಗೆ ಹೆಸರು ಬಂದದ್ದು ‘ಎನ್‌ವೈಸಿ’ (ನ್ಯೂಯಾರ್ಕ್ ಸಿಟಿ) ಅನ್ನೋ ಹಾಡಿನಿಂದ. ಆ ಹಾಡಿನಲ್ಲಿ ತನ್ನನ್ನು ಲೆಕ್ಕಕ್ಕೇ ತೆಗೆದುಕೊಳ್ಳದ ಊರನ್ನು ಬಿಡಲಾಗದ ಮನುಷ್ಯನೊಬ್ಬ ಇದ್ದಾನೆ. 2002ರಲ್ಲಿ ಆ ಊರಿನವರಿಗೆ ಅದು ಹೇಗೆ ಕೇಳಿಸಿರಬಹುದು ಅಂತ ಯೋಚಿಸಿದರೆ ಗಂಟಲು ಕಟ್ಟುತ್ತದೆ. ಮ್ಯಾಂಚೆಸ್ಟರ್‌ನಿಂದ ನಕಲು ಮಾಡಿ ತಂದರೆ ಈ ಹಾಡು ಬರುತ್ತಿರಲಿಲ್ಲ.

ಒಂದು ಕೆಲಸ ಮಾಡಿ. ಹನ್ನೊಂದು ಹಾಡನ್ನೂ ಇರುವ ಕ್ರಮದಲ್ಲೇ ಕೇಳಿ, ಐವತ್ತು ನಿಮಿಷವೂ ಆಗೋದಿಲ್ಲ. ಈ ಸಲ ಬ್ಯಾಂಕ್ಸ್‌ನ ದನಿಯನ್ನು ಬಿಟ್ಟು ಕೆಸ್ಲರ್‌ನ ಗಿಟಾರ್ ಹಿಂದೆ ಹೋಗಿ.