ತಂಟೆಗೆ ಸಕ್ಕರೆಯನ್ನು ದೂರುವ ಮೊದಲು

ಸಿಹಿ ತಿಂದ ಮಕ್ಕಳು ಕುಣಿದಾಡುತ್ತಾರೆ ಎಂದು ನಂಬುವವರು ಬಹಳ. ಆದರೆ 1995ರಲ್ಲಿ 23 ಪ್ರಯೋಗಗಳ ಫಲಿತಾಂಶವನ್ನು ಒಟ್ಟಿಗೆ ಇಟ್ಟು ನೋಡಿದಾಗ ಸಕ್ಕರೆಗೂ ತಂಟೆಗೂ ನಂಟು ಸಿಗಲಿಲ್ಲ. ಅದಕ್ಕೂ ಒಂದು ವರ್ಷ ಹಿಂದಿನ ಪ್ರಯೋಗವೊಂದು ಇನ್ನೂ ಸ್ವಾರಸ್ಯದ್ದು. ಮಗುವಿಗೆ ಸಕ್ಕರೆ ಕುಡಿಸಿದ್ದೇವೆ ಎಂದು ಕೆಲವು ತಾಯಂದಿರಿಗೆ ಹೇಳಿದರು; ಕೊಟ್ಟದ್ದು ಸಕ್ಕರೆಯಿಲ್ಲದ ಪಾನೀಯ. ಆ ತಾಯಂದಿರ ಕಣ್ಣಿಗೆ ಮಾತ್ರ ಮಗುವಿನ ಚೇಷ್ಟೆ ಹೆಚ್ಚಾಗಿ ಕಂಡಿತು! ಹಲ್ಲಿಗೆ, ತೂಕಕ್ಕೆ ಸಕ್ಕರೆ ಕೆಡುಕೇ, ಅದು ಬೇರೆ ಮಾತು.

ಮೊದಲು ನೋಡಬೇಕಾದದ್ದು ನಿದ್ದೆ. ನಿದ್ದೆಗೆಟ್ಟ ದೊಡ್ಡವರು ತೂಕಡಿಸುತ್ತಾರೆ, ಮಕ್ಕಳು ಓಡುತ್ತಾರೆ. ಮಲಗುವ ಹೊತ್ತು ಮೀರಿದ ನಾಲ್ಕು ವರ್ಷದ ಮಗುವನ್ನು ಗಮನಿಸಿ: ಕಣ್ಣುಜ್ಜಿಕೊಳ್ಳುತ್ತಲೇ ಮಂಚದಿಂದ ಜಿಗಿಯುತ್ತದೆ, ಲೋಟ ಬೇರೆಯಾಯಿತೆಂದು ಅಳುತ್ತದೆ, ಎತ್ತಿಕೊಳ್ಳಲು ಹೋದರೆ ಒದೆಯುತ್ತದೆ. 3ರಿಂದ 5 ವರ್ಷದವರಿಗೆ ಹಗಲು ನಿದ್ದೆಯೂ ಸೇರಿ 10ರಿಂದ 13 ಗಂಟೆ, 6ರಿಂದ 12 ವರ್ಷದವರಿಗೆ 9ರಿಂದ 12, ಹದಿಹರೆಯದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಬೆಳಗ್ಗೆ 6ಕ್ಕೆ ಏಳುವ ಎಂಟು ವರ್ಷದ ಮಗುವಿಗೆ 9ಕ್ಕೆ ನಿದ್ದೆ ಹತ್ತಿರಬೇಕು. 9ಕ್ಕೆ ಹಾಸಿಗೆಗೆ ಕಳಿಸಿದರೆ ಲೆಕ್ಕ ತಪ್ಪುತ್ತದೆ. ಒಂದು ಗಂಟೆ ಮೊದಲೇ ಟಿವಿ, ಮೊಬೈಲು ಆರಿಸಿ, ದೀಪ ಮಂದ ಮಾಡಿ. ಮಕ್ಕಳ ಕಣ್ಣಿನ ಪಾಪೆ ಅಗಲ, ಮಸೂರವೂ ತಿಳಿ. ಹಾಗಾಗಿ ಅದೇ ಬೆಳಕು ನಿದ್ದೆಗೆ ಸಜ್ಜಾಗಿಸುವ ಹಾರ್ಮೋನು ಮೆಲಟೋನಿನ್ ಅನ್ನು ಅವರಲ್ಲಿ ನಮಗಿಂತ ಹೆಚ್ಚು ಕುಗ್ಗಿಸುತ್ತದೆ.

ಗಂಟೆ ಸಾಕಷ್ಟಿದ್ದೂ ಹಗಲಿಡೀ ಸಿಡಿಮಿಡಿಯೇ? ರಾತ್ರಿ ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳಿ. ವಾರದ ಹೆಚ್ಚಿನ ರಾತ್ರಿ ಗೊರಕೆ, ತೆರೆದ ಬಾಯಿ, ಉಸಿರು ನಿಂತಂತಾಗಿ ಮತ್ತೆ ಎಳೆದುಕೊಳ್ಳುವುದು ಕಂಡರೆ ಊದಿದ ಟಾನ್ಸಿಲ್ ಅಥವಾ ಅಡಿನಾಯ್ಡ್ (ಮೂಗಿನ ಹಿಂಬದಿಯ ಅಂಗಾಂಶ) ಉಸಿರಿನ ದಾರಿಗೆ ಅಡ್ಡವಾಗಿರಬಹುದು. ಮೊಬೈಲಿನಲ್ಲಿ ಒಂದು ನಿಮಿಷ ವಿಡಿಯೊ ಮಾಡಿ ವೈದ್ಯರಿಗೆ ತೋರಿಸಿ. ಚಂಚಲತೆ ಎಂದು ಹಣೆಪಟ್ಟಿ ಹಚ್ಚಿಸಿಕೊಂಡ ಮಕ್ಕಳಲ್ಲಿ ಇಂಥವರೂ ಇರುತ್ತಾರೆ.

ಹಾಸಿಗೆಯಲ್ಲಿ ಕಾಲು ಸುಮ್ಮನಿರದ ಮಕ್ಕಳದ್ದು ಇನ್ನೊಂದು ಕಥೆ. ಚಲನೆ, ಗಮನವನ್ನು ಹತೋಟಿಯಲ್ಲಿಡುವ ಡೋಪಮಿನ್ ಎಂಬ ರಾಸಾಯನಿಕವನ್ನು ಮಿದುಳು ತಯಾರಿಸಲು ಕಬ್ಬಿಣಾಂಶ ಬೇಕು. ಅದು ಕಡಿಮೆಯಾದರೆ ಕಾಲಲ್ಲಿ ಹುಳ ಹರಿದಂತೆ ಕಿರಿಕಿರಿ, ನಿದ್ದೆಗೆ ಭಂಗ, ಹಗಲು ಗಮನ ಚದುರುವುದು. ಹಿಮೋಗ್ಲೋಬಿನ್ ಸರಿಯಿದೆ ಎಂದು ನೆಮ್ಮದಿಯಾಗಬೇಡಿ. ಮೊದಲು ಬರಿದಾಗುವುದು ಮೈಯಲ್ಲಿನ ಕಬ್ಬಿಣದ ದಾಸ್ತಾನು, ಅದನ್ನು ತೋರಿಸುವುದು ಫೆರಿಟಿನ್ ಪರೀಕ್ಷೆ. ಪುಟ್ಟ ಮಕ್ಕಳಲ್ಲಿ ಎಷ್ಟೋ ಸಲ ಕಾರಣ ಹಾಲು: ದಿನಕ್ಕೆ ಅರ್ಧ ಲೀಟರ್ ಮೀರಿದರೆ ಹೊಟ್ಟೆ ತುಂಬಿ ಊಟ ಸೇರುವುದಿಲ್ಲ, ಹಾಲಿನಲ್ಲಿ ಕಬ್ಬಿಣಾಂಶ ಇಲ್ಲವೆನ್ನುವಷ್ಟು ಕಡಿಮೆ, ಅದರ ಕ್ಯಾಲ್ಸಿಯಂ ಬೇರೆ ಅಡ್ಡಗಾಲು. ಕಾಳು, ಸೊಪ್ಪಿನ ಜೊತೆಗೇ ವಿಟಮಿನ್ ಸಿ ಇರುವ ಹಣ್ಣು ಕೊಡಿ, ಚಹಾ ಬೇಡ. ಕಬ್ಬಿಣದ ಸಿರಪ್ಪನ್ನು ಅಂದಾಜಿನ ಮೇಲೆ ಕುಡಿಸಬೇಡಿ, ಮಿತಿ ಮೀರಿದರೆ ಜೀವಕ್ಕೇ ಅಪಾಯ.

ಮಿದುಳಿಗೆ ಕೆಡುಕು ಮಾಡಿ ಗಮನ ಚದುರಿಸುವ ಇನ್ನೊಂದು ವಸ್ತು ಸೀಸ. ಕಬ್ಬಿಣ ಕಡಿಮೆಯಿರುವ ಮಗುವಿನ ಕರುಳು ಅದನ್ನು ಹೆಚ್ಚು ಒಳಬಿಟ್ಟುಕೊಳ್ಳುತ್ತದೆ. ಎರಡಕ್ಕೂ ಬಾಗಿಲು ಒಂದೇ. ನುಂಗಿದ ಸೀಸದಲ್ಲಿ ಪುಟ್ಟ ಮಕ್ಕಳ ಮೈ ಅರ್ಧದಷ್ಟನ್ನು ಹೀರಬಲ್ಲದು. ಇಷ್ಟಾದರೆ ಅಪಾಯವಿಲ್ಲ ಎನ್ನುವ ಮಟ್ಟ ಇದುವರೆಗೆ ಗೊತ್ತಾಗಿಲ್ಲ. ಹಳೆಯ ಕಿಟಕಿಯನ್ನು ತೆರೆದು ಮುಚ್ಚುವಾಗ ಚೌಕಟ್ಟಿನ, ಸೀಸ ಬೆರೆತಿರಬಹುದಾದ ಬಣ್ಣ ಸವೆದು ಉದುರುತ್ತದೆ, ಅಂಬೆಗಾಲಿಡುವ ಮಗು ಅದೇ ನೆಲ ಮುಟ್ಟಿ ಬೆರಳು ಚೀಪುತ್ತದೆ. ಪೊರಕೆ ಆ ಧೂಳನ್ನು ಎಬ್ಬಿಸುತ್ತದಷ್ಟೆ, ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಹಳೆಯ ಬಣ್ಣ ಕೆರೆಸುವುದಿದ್ದರೆ ಕೆಲಸ ಮುಗಿದು, ನೆಲ, ಕಿಟಕಿಯಂಚು ಎಲ್ಲ ಒರೆಸಿ ಆಗುವವರೆಗೆ ಮಗುವನ್ನು ಬೇರೆ ಮನೆಯಲ್ಲಿ ಮಲಗಿಸಿ.