ಬಚ್ಚಲಿನ ಬಾಗಿಲಿಗೆ ಎರಡು ಇಂಚು ಕಡಿಮೆ

ಮೂರು ವರ್ಷದ ಹಿಂದೆ ಅಮ್ಮ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಯಿತು. ಗಾಲಿಕುರ್ಚಿ ಬಾಡಿಗೆಗೆ ತಂದು ಅಮ್ಮನನ್ನು ಮನೆಗೆ ಕರೆತಂದೆವು. ಮಾರನೇ ಬೆಳಿಗ್ಗೆಯೇ ಕುರ್ಚಿ ಬಚ್ಚಲುಮನೆ ಬಾಗಿಲಲ್ಲಿ ಸಿಕ್ಕಿ ನಿಂತಿತು. ಟೇಪು ಹಿಡಿದು ಅಳೆದೆ. ಕುರ್ಚಿ 26 ಇಂಚು, ಬಾಗಿಲು 24. "ಇಷ್ಟು ದೊಡ್ಡ ಮನೆ ಕಟ್ಟಿದ್ವಿ, ಬಚ್ಚಲಿಗೆ ಹೋಗೋಕಾಗ್ತಿಲ್ವಲ್ಲೋ" ಅಂದರು ಅಮ್ಮ.

ಆ ಎರಡು ಇಂಚು ಎಲ್ಲಿ ಹೋಯಿತು? ನಮ್ಮಲ್ಲಿ ಮುಂಬಾಗಿಲಿಗೆ ಮೂರೂವರೆ ಅಡಿ, ಕೋಣೆಗೆ ಮೂರಡಿ, ಬಚ್ಚಲಿಗೆ ಎರಡೂವರೆ ಅಡಿ ಅನ್ನೋದು ರೂಢಿ. ಎರಡೂವರೆ ಅಡಿ ಅಂದರೆ 30 ಇಂಚು. ಬಾಗಿಲುವಾಡದ ಮರ ಎರಡೂ ಕಡೆ ಮೂರು ಮೂರು ಇಂಚು ತಿನ್ನುತ್ತದೆ. ಉಳಿಯೋದು 24. ಸಾರ್ವಜನಿಕ ಕಟ್ಟಡಗಳಿಗೆ ನಮ್ಮ ದೇಶದ ಮಾರ್ಗಸೂಚಿ ಹೇಳುವುದು ಬಾಗಿಲು ತೆರೆದಾಗ 90 ಸೆಂಟಿಮೀಟರ್, ಅಂದರೆ ಸುಮಾರು 35 ಇಂಚು, ಖಾಲಿ ಜಾಗ ಸಿಗಬೇಕು ಅಂತ. ಗಾಲಿಕುರ್ಚಿ ಒಂದು ಸುತ್ತು ತಿರುಗಲು ಐದಡಿ ಜಾಗ ಬೇಕು. ಮನೆಯಲ್ಲಿ ನಮ್ಮನ್ನು ಯಾರೂ ಇದನ್ನು ಕೇಳುವುದಿಲ್ಲ. ನಾವೇ ಕೇಳಿಕೊಳ್ಳಬೇಕು.

ಅಮೆರಿಕದ ವಾಸ್ತುಶಿಲ್ಪಿ ರೊನಾಲ್ಡ್ ಮೇಸ್ ಇದೇ ಕಷ್ಟ ಅನುಭವಿಸಿದವರು. ಒಂಬತ್ತನೇ ವಯಸ್ಸಿನಲ್ಲಿ ಪೋಲಿಯೋ ಬಂದು ಗಾಲಿಕುರ್ಚಿ ಹಿಡಿದರು. ಕಾಲೇಜಿನಲ್ಲಿ ಅವರನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿಸಬೇಕಿತ್ತು. ಬಾತ್‌ರೂಮಿನೊಳಗೆ ಕುರ್ಚಿ ಹೋಗುತ್ತಿರಲಿಲ್ಲ. 'ಯೂನಿವರ್ಸಲ್ ಡಿಸೈನ್' ಎಂಬ ಮಾತನ್ನು ಬಳಕೆಗೆ ತಂದವರು ಅವರೇ. ಅಂಗವಿಕಲರಿಗೆ ಅಂತ ಬೇರೆ ಬಾಗಿಲು, ಬೇರೆ ದಾರಿ ಬೇಡ, ಇರುವ ಬಾಗಿಲೇ ಎಲ್ಲರಿಗೂ ಆಗುವಂತಿರಲಿ ಅನ್ನೋದು ಅದರ ತಿರುಳು.

ಎತ್ತರದ ವಿಷಯಕ್ಕೆ ಬರೋಣ. ಮಳೆನೀರು ಒಳಗೆ ನುಗ್ಗಬಾರದು ಅಂತ ರಸ್ತೆಗಿಂತ ಒಂದೂವರೆ ಅಡಿ ಮೇಲಕ್ಕೆ ಪಾಯ ಏರಿಸುತ್ತೇವೆ. ಅದು ಬೇಕೇ ಬೇಕು. ಆದರೆ ಇಳಿಜಾರು ಅಂತ ಮಾಡುವುದು ಸ್ಕೂಟರ್ ಹತ್ತಿಸುವ ಕಡಿದಾದ ಏರು. ಗಾಲಿಕುರ್ಚಿಗೆ ಒಂದಡಿ ಏರಲು ಹನ್ನೆರಡು ಅಡಿ ಉದ್ದ ಬೇಕು. ಯಾಕೆ ಅಷ್ಟು? ಲೆಕ್ಕ ಸುಲಭ. 60 ಕೆಜಿಯ ಅಮ್ಮ, 15 ಕೆಜಿಯ ಕುರ್ಚಿ, ಒಟ್ಟು 75. ಹನ್ನೆರಡಕ್ಕೆ ಒಂದರ ಇಳಿಜಾರಿನಲ್ಲಿ ತಳ್ಳುವವರ ಕೈಗೆ ಬೀಳುವುದು ಇದರ ಹನ್ನೆರಡನೇ ಒಂದು ಭಾಗ, ಆರು ಕೆಜಿ ಚಿಲ್ಲರೆ. ನಾಲ್ಕಕ್ಕೆ ಒಂದರ ಏರಾದರೆ 18 ಕೆಜಿ ದಾಟುತ್ತದೆ. ಇಳಿಸುವಾಗ ಅದೇ 18 ಕೆಜಿಯನ್ನು ತಡೆದು ಹಿಡಿಯಬೇಕು. ಅರವತ್ತೈದರ ಗಂಡ ಅರವತ್ತರ ಹೆಂಡತಿಯನ್ನು ಹೀಗೆ ಇಳಿಸುವುದನ್ನು ಊಹಿಸಿಕೊಳ್ಳಿ.

ಒಂದೂವರೆ ಅಡಿಗೆ 18 ಅಡಿ ಇಳಿಜಾರು. 30-40 ಸೈಟಿನಲ್ಲಿ ಎಲ್ಲಿದೆ ಜಾಗ ಅಂತೀರಾ? ಮನೆಯ ಪಕ್ಕ ಬಿಡುವ ಓಣಿ ಇದೆಯಲ್ಲ, ಅದು ನಾಲ್ಕಡಿ ಇದ್ದು, ಆ ಕಡೆಗೊಂದು ಬಾಗಿಲಿದ್ದರೆ ಸಾಕು. ಇಳಿಜಾರನ್ನು ಇವತ್ತೇ ಕಟ್ಟಬೇಕಿಲ್ಲ. ಆ ಜಾಗದಲ್ಲಿ ಸಂಪು, ಮೆಟ್ಟಿಲು ಬಾರದಂತೆ ನೋಡಿಕೊಂಡರಾಯಿತು. ಕಟ್ಟಿದರೆ ಗ್ಯಾಸ್ ಸಿಲಿಂಡರ್ ತರುವವರಿಗೂ ಅನುಕೂಲ. ಕೂಸಿನ ಗಾಡಿಗೂ ಆಗುತ್ತದೆ.

ಬಚ್ಚಲಿನ ಗೋಡೆಯ ವಿಷಯ ನನಗೆ ಗೊತ್ತೇ ಇರಲಿಲ್ಲ. ಅಮ್ಮ ಎದ್ದು ನಿಲ್ಲಲು ಕಮೋಡ್ ಪಕ್ಕ ಸ್ಟೀಲ್ ಹಿಡಿಕೆ ಹಾಕಿಸಿದೆವು. ವಾರದಲ್ಲಿ ಕಿತ್ತುಬಂತು. ಒಳಗೆ ನಾಲ್ಕಿಂಚಿನ ಹಾಲೋ ಬ್ಲಾಕು. ಬೋಲ್ಟು ಹಿಡಿಯಲು ಒಳಗೆ ಏನೂ ಇಲ್ಲ, ಬರೀ ಪೊಳ್ಳು. ಜಾರುವ ಮನುಷ್ಯ ಹಿಡಿಕೆಯನ್ನು ಮೆಲ್ಲಗೆ ಹಿಡಿಯುವುದಿಲ್ಲ, ಮೈಯ ಭಾರವನ್ನೆಲ್ಲ ಒಮ್ಮೆಲೇ ಅದರ ಮೇಲೆ ಹಾಕುತ್ತಾನೆ. ಗೋಡೆ ಕಟ್ಟುವಾಗಲೇ ಎರಡೂವರೆ ಮೂರಡಿ ಎತ್ತರದ ಆಸುಪಾಸಿನಲ್ಲಿ ಎರಡು ವರಸೆ ಗಟ್ಟಿ ಬ್ಲಾಕು ಇಡಿಸಿದ್ದರೆ, ಖರ್ಚು ಹೆಚ್ಚೇನೂ ಆಗುತ್ತಿರಲಿಲ್ಲ. ಇಂಗ್ಲೆಂಡಿನ ಕಟ್ಟಡ ನಿಯಮಗಳಲ್ಲಿ 2015ರಿಂದ 'ಬದಲಾಯಿಸಿಕೊಳ್ಳಬಹುದಾದ ಮನೆ' ಅಂತ ಒಂದು ದರ್ಜೆ ಇದೆ. ಆ ದರ್ಜೆಯ ಮನೆಗಳಲ್ಲಿ ಹಿಡಿಕೆ ಇರಲೇಬೇಕು ಅಂತಿಲ್ಲ. ಮುಂದೆ ಹಾಕಿದರೆ ತಡೆಯುವಷ್ಟು ಗೋಡೆ ಗಟ್ಟಿ ಇರಬೇಕು, ಅಷ್ಟೇ. ಎಷ್ಟು ಒಳ್ಳೆಯ ಯೋಚನೆ ಅಲ್ವಾ?

ಬದಲಾಗುವುದು ಮೈ ಮಾತ್ರ ಅಲ್ಲ, ಮನೆಮಂದಿಯೂ. ಮಕ್ಕಳು ಓದಲು ಹೊರಡುತ್ತಾರೆ. ಊರಿಂದ ಅತ್ತೆ ಮಾವ ಬಂದು ಇರುತ್ತಾರೆ. ಒಂದು ಮನೆ ಎರಡಾಗುತ್ತದೆ. ನಮ್ಮ ತಾತನ ಕಾಲದ ತೊಟ್ಟಿಮನೆ ಇದಕ್ಕೆಲ್ಲ ಒಗ್ಗುತ್ತಿತ್ತು. ಪಡಸಾಲೆಯಲ್ಲಿ ಹಗಲು ಅಡಿಕೆ ಆರಿಸುತ್ತಿದ್ದರು, ರಾತ್ರಿ ಚಾಪೆ ಹಾಸಿ ಮಲಗುತ್ತಿದ್ದರು. ಪಾಲಾದಾಗ ಇನ್ನೊಂದು ಕಡೆ ಒಲೆ ಹೂಡಿದರು. ಕೋಣೆಗೆ ಇಂಥದ್ದೇ ಕೆಲಸ ಅಂತ ಇರಲಿಲ್ಲ. ಹಾಗಂತ ಅದನ್ನು ಸುಮ್ನೆ ಹೊಗಳಲಾರೆ. ಆ ಎತ್ತರದ ಹೊಸ್ತಿಲುಗಳನ್ನು ದಾಟಲಾರದೆ ಅಜ್ಜಿ ಕೊನೆಯ ಎರಡು ವರ್ಷ ನಡುಮನೆಯಲ್ಲೇ ಕಳೆದರು.

ಈಗಿನ ಮನೆ ಹೀಗೆ ಒಗ್ಗುತ್ತದೋ ಇಲ್ಲವೋ ಅನ್ನೋದನ್ನು ನಿರ್ಧರಿಸುವುದು ಚಾವಣಿಯ ಭಾರ ಯಾವುದು ಹೊರುತ್ತದೆ ಅನ್ನೋದು. ಪಿಲ್ಲರ್ ಮತ್ತು ಬೀಮ್ ಭಾರ ಹೊತ್ತರೆ ನಡುವಿನ ಗೋಡೆ ಬರೀ ಪರದೆ. ಎಂಜಿನಿಯರನ್ನು ಕೇಳಿ ಅದನ್ನು ತೆಗೆಯಬಹುದು, ಬಾಗಿಲು ಅಗಲ ಮಾಡಬಹುದು. ಗೋಡೆಯೇ ಭಾರ ಹೊತ್ತಿದ್ದರೆ ಮುಟ್ಟುವುದು ಕಷ್ಟ. ನೆದರ್ಲೆಂಡ್ಸಿನ ವಾಸ್ತುಶಿಲ್ಪಿ ಜಾನ್ ಹಾಬ್ರಾಕೆನ್ 1961ರಲ್ಲೇ ಹೇಳಿದ್ದರು: ಕಟ್ಟಡದ ಅಸ್ಥಿಪಂಜರ ಬಹುಕಾಲ ಬಾಳಲಿ, ಒಳಗಿನ ಗೋಡೆಗಳನ್ನು ವಾಸ ಮಾಡುವವರು ಬೇಕಾದಂತೆ ಬದಲಿಸಿಕೊಳ್ಳಲಿ. ಈ ಎರಡನ್ನೂ ಬೇರೆ ಬೇರೆ ಇಡಿ ಅಂತ. ಜಪಾನಿನ ಒಸಾಕಾದಲ್ಲಿ 1993ರಲ್ಲಿ ಹೀಗೇ ಒಂದು ವಸತಿ ಕಟ್ಟಡ ಕಟ್ಟಿ ಪ್ರಯೋಗ ಮಾಡಿದರು, ಹೆಸರು ನೆಕ್ಸ್ಟ್21. ಬೆಂಗಳೂರಿನಲ್ಲಿ ಈಗ ಅಲ್ಯೂಮಿನಿಯಂ ಅಚ್ಚಿಟ್ಟು, ಗೋಡೆಯನ್ನೂ ಕಾಂಕ್ರೀಟಿನಲ್ಲೇ ಎರೆಯುವ ಫ್ಲ್ಯಾಟುಗಳು ಜಾಸ್ತಿಯಾಗಿವೆ. ಬೇಗ ಏಳುತ್ತವೆ, ಗಟ್ಟಿಯಾಗಿಯೂ ಇರುತ್ತವೆ. ಆದರೆ ಅಲ್ಲಿ ಬಾಗಿಲನ್ನು ಎರಡು ಇಂಚು ಅಗಲ ಮಾಡುವುದೂ ಮರೆತ ಮಾತು. ಅಂಥ ಫ್ಲ್ಯಾಟು ಕೊಳ್ಳುವವರು ಕಾರ್ ಪಾರ್ಕಿಂಗ್ ನೋಡುವ ಮೊದಲು ಬಚ್ಚಲಿನ ಬಾಗಿಲು ಅಳೆಯಲಿ.

ಅಮ್ಮ ಈಗ ಕೋಲು ಹಿಡಿದು ನಡೆಯುತ್ತಾರೆ. ತಮ್ಮ ತುಮಕೂರಿನಲ್ಲಿ ಮನೆ ಕಟ್ಟಿಸುತ್ತಿದ್ದಾನೆ. ನಕ್ಷೆಯಲ್ಲಿ ಮಲಗುವ ಕೋಣೆಗಳೆಲ್ಲ ಮಹಡಿ ಮೇಲೆ, ಮೆಟ್ಟಿಲು ಹಾಲಿನ ನಡುವೆ ಇದ್ದವು. ಕೂತು ತಿದ್ದಿದೆವು. ಒಂದು ಕೋಣೆ, ಬಚ್ಚಲು ಕೆಳಗೆ ಬಂತು. ಮೆಟ್ಟಿಲು ಮುಂಬಾಗಿಲ ಪಕ್ಕಕ್ಕೆ ಸರಿಯಿತು. ನಾಳೆ ಒಂದು ಬಾಗಿಲು ಹಾಕಿದರೆ ಮೇಲಿನದು ಬೇರೆ ಮನೆ ಆಗುತ್ತದೆ, ಬಾಡಿಗೆಗೋ ಮಗನಿಗೋ. ಬಚ್ಚಲಿನ ನೆಲ ಕೋಣೆಯ ಮಟ್ಟಕ್ಕೇ ಇದೆ. ಹೊಸ್ತಿಲ ಬದಲು ಬಾಗಿಲ ಬುಡದಲ್ಲಿ ಜಾಲರಿ ಮುಚ್ಚಿದ ಉದ್ದನೆಯ ಮೋರಿ ನೀರು ತಡೆಯುತ್ತದೆ.

ಬಾಗಿಲುವಾಡ ನಿಲ್ಲಿಸುವ ದಿನ ಮೇಸ್ತ್ರಿ ಅಳತೆ ನೋಡಿ ಕೆಲಸ ನಿಲ್ಲಿಸಿದರು. "ಬಚ್ಚಲಿಗೆ ಮೂರೂವರೆ ಅಡೀನಾ ಸಾರ್? ಮುಂಬಾಗಿಲಿನಷ್ಟೇ ಆಯ್ತಲ್ಲ!" ತಮ್ಮ ಹೌದು ಅಂದ. ನೆರಳಲ್ಲಿ ಕುರ್ಚಿ ಹಾಕಿ ಕೂತಿದ್ದ ಅಮ್ಮನೂ ಹೌದು ಅಂದರು.