ಕ್ಯಾಬಿನೆಟ್ ಒಳಗಿನ ಗಾಳಿಯ ದಾರಿ

ಕಂಪ್ಯೂಟರ್ ಬಿಸಿಯಾಗುತ್ತಿದೆ ಅಂದ ಕೂಡಲೇ ಹೆಚ್ಚಿನವರು ಕೇಳುವುದು ಒಂದೇ: ಇನ್ನೊಂದು ಫ್ಯಾನ್ ಹಾಕಿಸಲಾ? ಹಾಕಿಸುವ ಮೊದಲು ಒಂದು ಊದಿನಕಡ್ಡಿ ಹಚ್ಚಿ. ಕೋಣೆಯ ಸೀಲಿಂಗ್ ಫ್ಯಾನ್ ಆಫ್ ಮಾಡಿ, ಕಂಪ್ಯೂಟರ್ ಓಡುತ್ತಿರುವಾಗ ಕಡ್ಡಿಯನ್ನು ಕ್ಯಾಬಿನೆಟ್ ಮುಂದಿನ ಜಾಲರಿಯಿಂದ ಅರ್ಧ ಗೇಣು ದೂರದಲ್ಲಿ ಹಿಡಿಯಿರಿ. ಹೊಗೆ ಒಳಗೆ ಹೋಗಬೇಕು. ಹಿಂದುಗಡೆ ಹಿಡಿದರೆ ಅದು ನಿಮ್ಮ ಕಡೆಗೆ ಬರಬೇಕು. ನಾನು ಹೀಗೆ ನೋಡಿದ ಒಂದು ಕಂಪ್ಯೂಟರಿನಲ್ಲಿ ಮುಂದಿನ ಫ್ಯಾನ್ ಕೂಡ ಹೊಗೆಯನ್ನು ಹೊರಗೇ ತಳ್ಳುತ್ತಿತ್ತು, ಜೋಡಿಸಿದವರು ಅದನ್ನು ತಿರುಗಾಮುರುಗಾ ಕೂರಿಸಿದ್ದರು. ಸಾಮಾನ್ಯ ಫ್ಯಾನಿನಲ್ಲಿ ಮೋಟಾರನ್ನು ಹಿಡಿದಿರುವ ಅಡ್ಡಪಟ್ಟಿಗಳು ಯಾವ ಕಡೆ ಇವೆಯೋ ಗಾಳಿ ಆ ಕಡೆಗೆ ಹೋಗುತ್ತದೆ. ಆದರೆ ನೋಡಲು ಚೆನ್ನಾಗಿರಲಿ ಅಂತ ಉಲ್ಟಾ ರೆಕ್ಕೆಯ ಫ್ಯಾನ್‌ಗಳೂ ಈಗ ಬರುತ್ತಿವೆ, ಹಾಗಾಗಿ ಹೊಗೆಯನ್ನೇ ನಂಬಿ.

ಫ್ಯಾನ್ ಗಾಳಿಯನ್ನು ತಣ್ಣಗೆ ಮಾಡುವುದಿಲ್ಲ, ಸಾಗಿಸುತ್ತದೆ ಅಷ್ಟೇ. ಎಷ್ಟು ಸಾಗಿಸಬೇಕು ಅನ್ನುವುದನ್ನು ಹೈಸ್ಕೂಲಿನ ಭೌತಶಾಸ್ತ್ರದಲ್ಲೇ ಲೆಕ್ಕ ಹಾಕಬಹುದು. ಗೇಮ್ ಆಡುವಾಗ ಒಂದು ಕಂಪ್ಯೂಟರ್ 400 ವ್ಯಾಟ್ ಎಳೆಯುತ್ತದೆ ಅಂದುಕೊಳ್ಳಿ. ಹೆಚ್ಚುಕಡಿಮೆ ಅಷ್ಟೂ ಕೊನೆಗೆ ಶಾಖವೇ. ಒಂದು ಕೆಜಿ ಗಾಳಿಯನ್ನು 1 ಡಿಗ್ರಿ ಬಿಸಿ ಮಾಡಲು ಸುಮಾರು 1000 ಜೂಲ್ ಬೇಕು, ಒಂದು ಘನ ಮೀಟರ್ ಗಾಳಿ ಸುಮಾರು 1.2 ಕೆಜಿ ತೂಗುತ್ತದೆ. ಹೊರಗೆ ಹೋಗುವ ಗಾಳಿ ಒಳಗೆ ಬಂದದ್ದಕ್ಕಿಂತ 10 ಡಿಗ್ರಿ ಮಾತ್ರ ಜಾಸ್ತಿ ಬಿಸಿ ಇರಲಿ ಅಂದರೆ ಸೆಕೆಂಡಿಗೆ 33 ಲೀಟರ್ ಗಾಳಿ ದಾಟಬೇಕು. ಅಂದರೆ ಪ್ರತಿ ಸೆಕೆಂಡಿಗೆ ಸುಮಾರು ಎರಡು ಬಕೆಟ್ ಗಾಳಿ! ಫ್ಯಾನ್ ಡಬ್ಬಿಯ ಮೇಲೆ ಬರೆಯುವ ಸಿಎಫ್‌ಎಂ (ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ) ಲೆಕ್ಕದಲ್ಲಿ ಇದು ಸುಮಾರು 70. 120 ಮಿ.ಮೀ. ಫ್ಯಾನ್‌ಗಳಲ್ಲಿ 50ರಿಂದ 70 ಅಂತ ಬರೆದಿರುವವು ಬೇಕಾದಷ್ಟಿವೆ. ಹಾಗಾದರೆ ಎರಡು ಫ್ಯಾನ್ ಸಾಕಾಗಬೇಕಲ್ವಾ?

ಸಾಕು, ದಾರಿ ಸರಿ ಇದ್ದರೆ. ಡಬ್ಬಿಯ ಮೇಲಿನ ಆ ಅಂಕಿ ಮುಂದೆ ಹಿಂದೆ ಯಾವ ತಡೆಯೂ ಇಲ್ಲದಾಗ ಸಿಕ್ಕಿದ್ದು. ಮುಂದೆ ಗಾಜಿನ ಹಲಗೆ, ಧೂಳು ತುಂಬಿದ ಫಿಲ್ಟರ್, ಒಳಗೆ ಕೇಬಲ್‌ಗಳ ಗಂಟು ಇದ್ದರೆ ಅದು ತುಂಬಾ ಇಳಿಯುತ್ತದೆ. ಗಾಜಿನ ಮುಖದ ಕ್ಯಾಬಿನೆಟ್ ನೋಡಲು ಚೆಂದ, ಆದರೆ ಗಾಳಿ ಒಳಗೆ ಬರಲು ಪಕ್ಕದಲ್ಲಿ ಬೆರಳಗಲದ ಸಂದು ಮಾತ್ರ ಇದ್ದರೆ ಅದರ ಹಿಂದೆ ಮೂರು ಫ್ಯಾನ್ ಹಾಕಿದರೂ ಅವು ಉಸಿರು ಕಟ್ಟಿದಂತೆ ಒದ್ದಾಡುತ್ತವೆ. ನನ್ನನ್ನು ಕೇಳಿದರೆ ಮೊದಲು ಜಾಲರಿ ಮುಖದ ಕ್ಯಾಬಿನೆಟ್ ಕೊಳ್ಳಿ, ಬಣ್ಣದ ದೀಪ ಆಮೇಲೆ.

ಇನ್ನೊಂದು ತೊಂದರೆ ಅಷ್ಟು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ನೆನಪಿಸಿಕೊಳ್ಳಿ. ಅದರ ಪಕ್ಕದ ಕಿಟಕಿಯನ್ನೇ ತೆರೆದಿಟ್ಟರೆ ಆ ಕಿಟಕಿಯ ಗಾಳಿ ಒಳಗೆ ಬಂದು ಹಾಗೇ ಹೊರಗೆ ಹೋಗುತ್ತದೆ, ಒಲೆಯ ಮೇಲಿನ ಒಗ್ಗರಣೆ ಹೊಗೆ ಮನೆಯಲ್ಲೇ ಉಳಿಯುತ್ತದೆ. ಎದುರಿನ ಕಿಟಕಿ ತೆರೆದರೆ ಗಾಳಿ ಒಲೆಯನ್ನು ದಾಟಿಕೊಂಡೇ ಹೋಗಬೇಕು. ಕ್ಯಾಬಿನೆಟ್ ಮೇಲ್ಭಾಗದಲ್ಲಿ, ಮುಂದಿನ ತುದಿಗೆ ಹತ್ತಿರ ಹೊರಗೆಳೆಯುವ ಫ್ಯಾನ್ ಹಾಕಿದಾಗ ಆಗುವುದೂ ಇದೇ. ಮುಂದಿನಿಂದ ಬಂದ ತಣ್ಣನೆ ಗಾಳಿ ಪ್ರೊಸೆಸರ್ ಮುಟ್ಟುವ ಮೊದಲೇ ಮೇಲೆ ಹಾರಿಹೋಗುತ್ತದೆ. ಆ ಫ್ಯಾನ್ ತೆಗೆದು ಹಾಕಿದ್ದಕ್ಕೇ ಬಿಸಿ ಇಳಿದರೂ ಇಳಿಯಬಹುದು. ಅದಕ್ಕೇ ಮುಂದೆ ಎರಡು ಒಳಗೆ, ಹಿಂದೆ ಒಂದು ಹೊರಗೆ, ಬೇಕಿದ್ದರೆ ಮೇಲೆ ಹಿಂದಿನ ತುದಿಯಲ್ಲಿ ಇನ್ನೊಂದು ಹೊರಗೆ ಅನ್ನುವ ಜೋಡಣೆ ಹೆಚ್ಚಿನ ಕ್ಯಾಬಿನೆಟ್‌ಗಳಿಗೆ ಚೆನ್ನಾಗಿ ಹೊಂದುತ್ತದೆ. ಮುಂದಿನ ಎರಡರಲ್ಲಿ ಒಂದು ಗ್ರಾಫಿಕ್ಸ್ ಕಾರ್ಡಿನ ಮಟ್ಟದಲ್ಲಿರಲಿ, ಈಗಿನ ಗೇಮಿಂಗ್ ಕಂಪ್ಯೂಟರುಗಳಲ್ಲಿ ಹೆಚ್ಚಿನ ಶಾಖ ಅಲ್ಲಿಂದಲೇ ಬರುವುದು.

ಬಿಸಿಗಾಳಿ ಮೇಲಕ್ಕೆ ಹೋಗುತ್ತದೆ, ಹಾಗಾಗಿ ಎಲ್ಲವೂ ಕೆಳಗಿನಿಂದ ಮೇಲಕ್ಕೇ ಇರಬೇಕು ಅನ್ನುವ ಮಾತು ಆಗಾಗ ಕಿವಿಗೆ ಬೀಳುತ್ತದೆ. ಹೋಗುವುದು ನಿಜ, ಆದರೆ ಎಷ್ಟು ಜೋರಾಗಿ? ಅರ್ಧ ಮೀಟರ್ ಎತ್ತರದ ಕ್ಯಾಬಿನೆಟ್ ಒಳಗೆ ಗಾಳಿ 10 ಡಿಗ್ರಿ ಬಿಸಿ ಇದ್ದರೆ ಅದು ಮೇಲೇಳುವ ಒತ್ತಡ ಸುಮಾರು 0.2 ಪಾಸ್ಕಲ್. ಒಂದು ಒಳ್ಳೆಯ 120 ಮಿ.ಮೀ. ಫ್ಯಾನ್ ಗರಿಷ್ಠ 20 ಪಾಸ್ಕಲ್‌ನಷ್ಟು ಒತ್ತಡ ಕೊಡಬಲ್ಲದು. ಫ್ಯಾನ್ ತಿರುಗುತ್ತಿರುವಾಗ ಗಾಳಿ ಅದು ತಳ್ಳಿದ ಕಡೆಗೇ ಹೋಗುತ್ತದೆ.

ಒಳಗೆ ತಳ್ಳುವುದು ಹೊರಗೆ ಎಳೆಯುವುದಕ್ಕಿಂತ ಸ್ವಲ್ಪ ಜಾಸ್ತಿ ಇದ್ದರೆ ಒಳ್ಳೆಯದು. ಆಗ ಸಂದುಗಳಿಂದ ಗಾಳಿ ಹೊರಗೇ ಸೋರುತ್ತದೆ, ಒಳಗೆ ಬರುವುದೆಲ್ಲ ಫಿಲ್ಟರ್ ಮೂಲಕವೇ ಬರುತ್ತದೆ. ಆದರೆ ಫಿಲ್ಟರ್ ತೊಳೆಯದಿದ್ದರೆ ಈ ಲಾಭ ಉಳಿಯುವುದಿಲ್ಲ. ಬ್ಲೋವರ್‌ನಿಂದ ಗಾಳಿ ಊದಿ ಧೂಳು ತೆಗೆಯುವಾಗ ರೆಕ್ಕೆಗಳನ್ನು ಬೆರಳಲ್ಲಿ ಹಿಡಿದುಕೊಳ್ಳಿ, ವಿಪರೀತ ವೇಗದಲ್ಲಿ ತಿರುಗಿದರೆ ಬೇರಿಂಗ್ ಹಾಳಾಗಬಹುದು.

ಸದ್ದಿನ ವಿಷಯ ನನಗೆ ತುಂಬಾ ಇಷ್ಟ. ಫ್ಯಾನ್ ವೇಗ ಅರ್ಧ ಮಾಡಿದರೆ ಗಾಳಿಯೂ ಅರ್ಧವಾಗುತ್ತದೆ, ಆದರೆ ಸದ್ದು ಸುಮಾರು 15 ಡೆಸಿಬೆಲ್ ಇಳಿಯುತ್ತದೆ. ಅದೇ ವೇಗದ ಎರಡನೇ ಫ್ಯಾನ್ ಪಕ್ಕದಲ್ಲಿಟ್ಟರೆ ಏರುವುದು 3 ಡೆಸಿಬೆಲ್ ಮಾತ್ರ. ಜೋರಾಗಿ ಓಡುವ ಒಂದರ ಬದಲು ನಿಧಾನಕ್ಕೆ ಓಡುವ ಎರಡು ಇದ್ದರೆ ಹೆಚ್ಚುಕಡಿಮೆ ಅಷ್ಟೇ ಗಾಳಿ, 12 ಡೆಸಿಬೆಲ್ ಕಡಿಮೆ ಸದ್ದು. ಇನ್ನೊಂದು ಫ್ಯಾನ್‌ಗೆ ದುಡ್ಡು ಹಾಕಲು ಇದು ಒಳ್ಳೆಯ ಕಾರಣ.

ಇಷ್ಟೆಲ್ಲ ಮಾಡಿದ ಮೇಲೆ ಸರಿಯಾಯಿತೋ ಇಲ್ಲವೋ ಅಂತ ತಿಳಿಯಲು ಅರ್ಧ ಗಂಟೆ ಭಾರಿ ಗೇಮ್ ಓಡಿಸಿ, ಗ್ರಾಫಿಕ್ಸ್ ಕಾರ್ಡ್ ಮತ್ತು ಪ್ರೊಸೆಸರ್ ಎಷ್ಟು ಡಿಗ್ರಿಯಲ್ಲಿವೆ ಬರೆದಿಡಿ. ಆಮೇಲೆ ಪಕ್ಕದ ಬಾಗಿಲು ಬಿಚ್ಚಿ ಮತ್ತೆ ಅಷ್ಟೇ ಹೊತ್ತು ಓಡಿಸಿ. ಎರಡು ಮೂರು ಡಿಗ್ರಿ ಇಳಿದರೆ ನಿಮ್ಮ ಜೋಡಣೆ ಚೆನ್ನಾಗಿದೆ. ಹತ್ತು ಹನ್ನೆರಡು ಇಳಿದರೆ ಗಾಳಿಗೆ ಇನ್ನೂ ದಾರಿ ಸಿಕ್ಕಿಲ್ಲ. ಎರಡೂ ಸಲ ಕೋಣೆಯ ಬಿಸಿಯನ್ನೂ ಬರೆದುಕೊಳ್ಳಿ. ಮೇ ತಿಂಗಳ ಮಧ್ಯಾಹ್ನ ಕಲಬುರಗಿಯ 40 ಡಿಗ್ರಿ ಕೋಣೆಯಲ್ಲಿರುವ ಕಂಪ್ಯೂಟರ್, ಅದೇ ಹೊತ್ತಿಗೆ ಬೆಂಗಳೂರಿನ 30 ಡಿಗ್ರಿ ಕೋಣೆಯಲ್ಲಿರುವ ಅಂಥದ್ದೇ ಕಂಪ್ಯೂಟರಿಗಿಂತ ಸುಮಾರು 10 ಡಿಗ್ರಿ ಬಿಸಿಯಾಗಿಯೇ ಓಡುತ್ತದೆ, ಫ್ಯಾನ್ ಹೇಗೇ ಜೋಡಿಸಿದ್ದರೂ.